ಬಂದ, ಬಂದಳು, ಬಂದರು

"ಬಂದ ಅಂತ ಬರದಾರ್ರೀ ಸಾಮಿ. ಯಾರೋ ಒಬ್ಬ ಬಂದ. ಆ ಒಂದು ಮಾತು ನನ್ನ ಮಗನ ಕೊರಳಿಗೆ ಬಿತ್ತು."

ಆಟೋದಿಂದ ಇಳಿಯುತ್ತಲೇ ತಾಯಕ್ಕ ಮತ್ತೆ ಅದನ್ನೇ ಹೇಳಿದಳು. ಹೊಸಪೇಟೆಯಿಂದ ಕಡ್ಡಿರಾಂಪುರದವರೆಗೂ ಅವಳ ಬಾಯಲ್ಲಿ ಬೇರೆ ಮಾತು ಬಂದಿರಲಿಲ್ಲ. ಹೋಂಸ್ಟೇಯ ಹುಡುಗ ವೇದಾಂತ್ ಪೊಲೀಸರಿಗೆ ಕೊಟ್ಟ, ವಕೀಲರು ಓದಿ ಹೇಳಿದ ಹೇಳಿಕೆಯಲ್ಲಿ ಅವಳಿಗೆ ನೆನಪಿದ್ದುದು ಅಷ್ಟೇ.

ವೆಂಕೋಬರಾಯರು ಉತ್ತರ ಕೊಡದೆ ಧೋತರದ ಚುಂಗು ಎತ್ತಿ ಹಿಡಿದು ಗೇಟಿನೊಳಗೆ ನಡೆದರು.

ಸಂಡೂರಿನ ಲಾರಿ ಮಾಲೀಕ ದೊಡ್ಡಬಸಪ್ಪ ಈ ಹೋಂಸ್ಟೇಯ ಮಹಡಿ ಕೋಣೆಯಲ್ಲಿ ಫ್ಲಾಸ್ಕಿನಲ್ಲಿದ್ದ ವಿಷ ಬೆರೆತ ಕಷಾಯ ಕುಡಿದು ಸತ್ತಿದ್ದ. ಅವನ ಕಾರು ನಡೆಸುತ್ತಿದ್ದ ಹೊನ್ನೂರಸ್ವಾಮಿ, ಈ ತಾಯಕ್ಕನ ಒಬ್ಬನೇ ಮಗ, ಪೊಲೀಸರ ವಶದಲ್ಲಿದ್ದ. ಇಂದು ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ ಜೈಲಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಸಂಜೆಯೊಳಗೆ ಏನಾದರೂ ಸಿಕ್ಕರೆ ಸಿಕ್ಕಿತು.

ರಾಯರು ನಿವೃತ್ತ ಇಂಗ್ಲಿಷ್ ಮಾಸ್ತರರು. ಪೊಲೀಸರ ಕೆಲಸದಲ್ಲಿ ಕೈ ಹಾಕುವ ಆಸೆ ಅವರಿಗಿರಲಿಲ್ಲ. ಆದರೆ ಅವರ ಹೆಂಡತಿ ಗೋದಾಬಾಯಿ ಹಾಸಿಗೆ ಹಿಡಿದಾಗ ಮೈ ಒರೆಸಿ, ಮಗ್ಗಲು ಬದಲಿಸಿ, ಕೊನೆಯ ತುಳಸಿನೀರು ಬಾಯಿಗೆ ಇಳಿಯುವ ತನಕ ತಲೆ ಎತ್ತಿ ಹಿಡಿದವಳು ತಾಯಕ್ಕ. ತನ್ನ ಊರು ವಡ್ಡಿನಿಂದ ದಿನವೂ ಬಸ್ಸು ಹತ್ತಿ ಬರುತ್ತಿದ್ದಳು. ಅಂಥವಳು ಬಾಗಿಲಿಗೆ ಬಂದು ನಿಂತಾಗ ರಾಯರಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಮೆಟ್ಟಿಲ ಬುಡದಲ್ಲಿ 'ಪಾದರಕ್ಷೆ ಇಲ್ಲಿಯೇ ಬಿಡಿ' ಎಂಬ ಬೋರ್ಡಿತ್ತು. ಅದರ ಕೆಳಗೆ ಒಂದು ಜೊತೆ ಕಂದು ಬಣ್ಣದ ಪೊಲೀಸ್ ಬೂಟು. ರಾಯರು ಚಪ್ಪಲಿ ಬಿಟ್ಟು ಮೇಲೆ ಹತ್ತಿದರು; ತಾಯಕ್ಕ ಹಿಂದೆಯೇ ಹತ್ತಿದಳು.

ಸೀಲು ಹಾಕಿದ ಕೋಣೆಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲುಚೀಲದಲ್ಲಿ ಕುಳಿತಿದ್ದ ಪೇದೆ ಮರಿಸ್ವಾಮಿ ಗಡಬಡಿಸಿ ಎದ್ದ.

"ಸರ! ಬರ್ರಿ, ಕುಂದ್ರಿ. ಗುರುತು ಸಿಕ್ತೇನ್ರಿ? ಎಂಟನೇ ಕ್ಲಾಸ್, ಹಿಂದಿನ ಬೆಂಚು."

"ಮರಿಸ್ವಾಮಿ. ಬೂಟು ಯಾಕ ಕೆಳಗ ಬಿಟ್ಟೀಯೋ?"

"ಈ ಮನಿ ಓನರ್ ಬಿಡಿಸ್ತಾರ್ರಿ. ಹಾಸುಗಲ್ಲು ಕೆಡ್ತಾವಂತ. ನಮ್ ಮೇಡಮ್ಮನ್ನ ಬಿಟ್ಟು ಎಲ್ರೂ ಕೆಳಗ ಬಿಡ್ತೀವ್ರಿ."

"ಅವತ್ತು ಇಲ್ಲಿ ಯಾರು ಬಂದಿದ್ರು ಅಂತ ವೇದಾಂತ್ ಹೇಳಿದ್ದು?"

ಮರಿಸ್ವಾಮಿ ಸೊಂಟದ ಬೆಲ್ಟು ಸರಿಮಾಡಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವನ ಹಾಗೆ ನಿಂತ. "ಸಮ್‌ಬಡಿ ಕೇಮ್. ಸಮ್‌ಬಡಿ ಗೇವ್ ಹಿಮ್ ಅ ಫ್ಲಾಸ್ಕ್. ಆಫ್ಟರ್ ದಟ್, ನೋಬಡಿ ಡಿಡ್ ನಾಟ್ ಕೇಮ್."

"ಹಂಗಂದ್ನೇನು? ನೋಬಡಿ ಡಿಡ್ ನಾಟ್ ಕೇಮ್?"

"ಹೂಂ ರೀ. ಯಾರೂ ಬರಲಿಲ್ಲ. ಯಾರೂ ಅಂದ್ರ ನೋಬಡಿ, ಬರಲಿಲ್ಲ ಅಂದ್ರ ಡಿಡ್ ನಾಟ್."

"ಲೇ, ಎರಡು ಇಲ್ಲ ಸೇರಿದ್ರ ಹೌದಾಗ್ತದ. ನಿನ್ನ ಇಂಗ್ಲಿಷ್ ಪ್ರಕಾರ ಬರದೇ ಇದ್ದವರು ಯಾರೂ ಇಲ್ಲ. ಹೊಸಪೇಟಿ ಊರೆಲ್ಲಾ ಬಂದು ಹೋದಂಗಾತು!"

ಮರಿಸ್ವಾಮಿ ನಾಲಿಗೆ ಕಚ್ಚಿಕೊಂಡ. "ಹಂಗಲ್ಲ, ಹಂಗಲ್ಲ. ನೋಬಡಿ ಕೇಮ್ ಅಂದ. ಅಂವ ಕರೆಕ್ಟ್ ಅಂದ್ರಿ. ತಪ್ಪು ನಂದು. ಅವತ್ತೂ ಬೆತ್ತ ತಿಂದಿದ್ದು ಇದಕ್ಕ ರೀ."

ತಾಯಕ್ಕ ಗೋಡೆಗೆ ಒರಗಿ ಕುಳಿತು ಇಬ್ಬರ ಮುಖವನ್ನೂ ನೋಡಿದಳು. "ನನ್ನ ಮಗ ಅಲ್ಲಿ ಕುಂತಾನ, ನೀವಿಲ್ಲಿ ಸಾಲಿ ಹಚ್ಚೀರಲ್ಲ."

"ಸಾಲಿನೇ ತಾಯಕ್ಕ. ಇದು ಸಾಲಿ ಲೆಕ್ಕನೇ ಅದ." ರಾಯರು ಮತ್ತೆ ಮರಿಸ್ವಾಮಿಯತ್ತ ತಿರುಗಿದರು. "ಕನ್ನಡದ ಹುಡುಗ. ಇಂಗ್ಲಿಷಿನ್ಯಾಗ ಯಾಕ ಹೇಳಿದ?"

"ಮೇಡಮ್ಮೇ ಹೇಳಿಸಿದ್ರು ರೀ. ನಿನಗ ಇಂಗ್ಲಿಷ್ ಚಲೋ ಬರ್ತೈತಲ್ಲ, ಇಂಗ್ಲಿಷ್‌ನ್ಯಾಗ ಹೇಳು, ಮುಂದ ಕೋರ್ಟಿಗೆ ಅನುಕೂಲ ಅಂದ್ರು. ಕನ್ನಡಕ್ಕ ಇಳಿಸಿ ಬರ್ದವ ನಾನು."

ರಾಯರ ಮುಖದ ಗೆರೆ ಸ್ವಲ್ಪ ಸಡಿಲವಾಯಿತು. ಮೇಡಂ ಎಂದರೆ ಸಬ್ ಇನ್ಸ್‌ಪೆಕ್ಟರ್ ಭುವನೇಶ್ವರಿ. ಅವರ ಕೈಯಲ್ಲಿ ಕಲಿತ ಹುಡುಗಿ.

ಒಂಬತ್ತನೇ ಕ್ಲಾಸಿನಲ್ಲಿ ಒಮ್ಮೆ ಮೇಜಿನ ಮೇಲಿನ ಸೀಮೆಸುಣ್ಣ ಮಾಯವಾಗಿತ್ತು. "ಡಿಡ್ ಎನಿಬಡಿ ಟೇಕ್ ಮೈ ಚಾಕ್?" ಎಂದು ರಾಯರು ಕೇಳಿದ್ದರು. ಭುವನೇಶ್ವರಿ ಎದ್ದು ನಿಂತು, "ನಿಮಗ ನಮ್ಮ ಮ್ಯಾಲ ಸಂಶಯ ಇಲ್ಲ ಸರ. ಇದ್ದಿದ್ರ ಡಿಡ್ ಸಮ್‌ಬಡಿ ಟೇಕ್ ಅಂತ ಕೇಳ್ತಿದ್ರಿ" ಎಂದಿದ್ದಳು. ಹಿಂದಿನ ದಿನದ ಪಾಠ ಅದು. ಏನೂ ಗೊತ್ತಿಲ್ಲದವನು ಎನಿಬಡಿ ಎಂದು ಕೇಳುತ್ತಾನೆ. ಉತ್ತರ ಹೌದೆಂದು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡವನು ಸಮ್‌ಬಡಿ ಎನ್ನುತ್ತಾನೆ. ಆ ಪಾಠ ಅಷ್ಟು ಚೊಕ್ಕಟವಾಗಿ ಹಿಡಿದ ಮಗು ಮತ್ತೊಂದಿರಲಿಲ್ಲ.

ಗೋದಾಬಾಯಿ ಹೋದ ದಿನ ಅದೇ ಹುಡುಗಿ ಯೂನಿಫಾರ್ಮಿನಲ್ಲೇ ಬಂದು, ಎಲ್ಲ ಮುಗಿಯುವ ತನಕ ನೀರೂ ಕುಡಿಯದೆ ಅಂಗಳದಲ್ಲಿ ನಿಂತಿದ್ದಳು.

"ವೇದಾಂತ್‌ನ ಕರಿ," ಎಂದರು ರಾಯರು.

* * *

ವೇದಾಂತ್ ಬಂದ. ಹಂಪಿಯ ಅರ್ಚಕ ಮನೆತನದ ಹುಡುಗ. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ. ಪರದೇಶದ ಅತಿಥಿಗಳನ್ನು ನೋಡಿಕೊಳ್ಳುವ ಕೆಲಸ ಅವನದು. ರಾಯರಿಗೆ ನಮಸ್ಕಾರ ಮಾಡಿದ. ತಾಯಕ್ಕನ ಕಡೆ ನೋಡಲಿಲ್ಲ.

"ಗುಡ್ ಆಫ್ಟರ್‌ನೂನ್ ಸರ್."

"ಕುಂದ್ರಪಾ. ಅವತ್ತು ಏನಾತು?"

"ಸಮ್‌ಬಡಿ ಕೇಮ್, ಸರ್. ಸಮ್‌ಬಡಿ ಗೇವ್ ಹಿಮ್ ಅ ಫ್ಲಾಸ್ಕ್. ಆಫ್ಟರ್ ದಟ್, ನೋಬಡಿ ಕೇಮ್."

ಮರಿಸ್ವಾಮಿ ತಿದ್ದಿಕೊಂಡು ಹೇಳಿದ್ದೇ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ನಡೆದದ್ದನ್ನು ಹೇಳುವವನು ಪ್ರತಿ ಸಲ ಬೇರೆ ಬೇರೆಯಾಗಿ ಹೇಳುತ್ತಾನೆ. ಬಾಯಿಪಾಠ ಮಾಡಿದವನು ಮಾತ್ರ ಹೀಗೆ.

"ಛಲೋ ಇಂಗ್ಲಿಷ್. ಒಂದು ಮಾತು ಕೇಳ್ತೀನಿ. ಮೊದಲನೇ ವಾಕ್ಯದಾಗ ಸಮ್‌ಬಡಿ ಬಂದಾತು. ಎರಡನೇ ವಾಕ್ಯಕ್ಕ ಹೀ ಅನ್ನಬೇಕು, ಇಲ್ಲಾ ಶೀ ಅನ್ನಬೇಕು. ಮತ್ತ ಸಮ್‌ಬಡಿ ಯಾಕಂದಿ?"

"ಸಮ್‌ಬಡಿ ಅಂದ್ರೂ ತಪ್ಪಿಲ್ಲ ಅಲ್ಲಾ ಸರ್?"

"ತಪ್ಪಿಲ್ಲ. ಬಂದವರು ಒಬ್ಬರು, ಕೊಟ್ಟವರು ಇನ್ನೊಬ್ಬರು ಆಗಿದ್ರ ತಪ್ಪಿಲ್ಲ."

ವೇದಾಂತ್ ಬಿಲ್ಲೆಯ ಪಿನ್ನು ಮುಟ್ಟಿಕೊಂಡ.

"ಇರಲಿ. ಈಗ ಕನ್ನಡದಾಗ ಹೇಳು."

"ಡ್ಯೂಟಿ ಮ್ಯಾಲ ಇಂಗ್ಲಿಷ್ ಮಾತಾಡ್ಬೇಕು ಅಂತ ರೂಲ್ ಅದ ಸರ್."

"ಯಪ್ಪಾ, ನಿನ್ನ ಮುಂದ ಯಾವ ದೊರಿ ಕುಂತಾನ ಈಗ?" ಎಂದಳು ತಾಯಕ್ಕ. "ನಾನೇನು ವಿಲಾಯತಿಯಿಂದ ಬಂದೀನಾ?"

ಮರಿಸ್ವಾಮಿ ನಕ್ಕ. ವೇದಾಂತ್ ನಗಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದ: "ಅವತ್ತು ಯಾರೋ ಬಂದಿದ್ದು ನಿಜ. ಫ್ಲಾಸ್ಕ್ ಕೊಟ್ಟಿದ್ದೂ ನಿಜ. ಆಮ್ಯಾಲೆ ಯಾರೂ ಬರಲಿಲ್ಲ."

ರಾಯರು ಕಣ್ಣು ಮುಚ್ಚಿ ಆ ಮಾತನ್ನು ಒಳಗೇ ಇನ್ನೊಮ್ಮೆ ಕೇಳಿಕೊಂಡರು. ಗೋದಾಬಾಯಿ ಅವರನ್ನು ಹಾಸ್ಯ ಮಾಡುತ್ತಿದ್ದಳು: ಲೋಕದವರು ಮಾತಿನ ಮುಖ ನೋಡ್ತಾರ, ನೀವು ಬಾಲ ನೋಡ್ತೀರಿ. ಮದುವೆಮನೆಯಲ್ಲಿ ಬೀಗರು ಆಡಿದ ಮಾತಿನ ಬಾಲವನ್ನೂ ಅವರು ಬಿಡುತ್ತಿರಲಿಲ್ಲ. ಇಂದು ಅವಳಿದ್ದರೆ ಏನೆನ್ನುತ್ತಿದ್ದಳೋ.

"ವೇದಾಂತ್, ಬಂದಿದ್ದು ಅಂದಿ. ಬಂದಿದ್ದ ಅನ್ನಲಿಲ್ಲ, ಬಂದಿದ್ಲು ಅನ್ನಲಿಲ್ಲ, ಬಂದಿದ್ರು ಅನ್ನಲಿಲ್ಲ."

"ಯಾರಂತ ಗೊತ್ತಿಲ್ಲ ಸರ್, ಅದಕ್ಕ."

"ಗೊತ್ತಿಲ್ಲದವ ಬಾಲ ಮುಚ್ಚೋದಿಲ್ಲ. ಬಾಯಿಗೆ ಬಂದದ್ದು ಅಂದುಬಿಡ್ತಾನ. ನಮ್ಮ ಮಾತಿನ್ಯಾಗ ಬಂದವರು ಗಂಡೋ ಹೆಣ್ಣೋ, ಸಣ್ಣವರೋ ದೊಡ್ಡವರೋ, ಕ್ರಿಯಾಪದದ ತುದಿಗೆ ಬಂದು ನಿಂತಿರ್ತದ. ಇಂಗ್ಲಿಷಿನ ಕೇಮ್‌ಗೆ ಅದು ಇಲ್ಲ. ರಾಜ ಬಂದ್ರೂ ಕೇಮ್, ಕಳ್ಳ ಬಂದ್ರೂ ಕೇಮ್. ನೀನು ಅದರ ಹಿಂದ ನಿಂತು ಬಚಾವಾಗಿ."

"ಹಂಗೇನಿಲ್ಲ ಸರ್."

"ಆದರ ಒಂದು ನೋಡು. ಯಾರೂ ಬರಲಿಲ್ಲ ಅಂತ ಮಾತ್ರ ನೀನು ಎಡವದೆ ಅಂದಿ. ಯಾಕಂದ್ರ ಇಲ್ಲ ಅನ್ನೋ ಮಾತಿಗೆ ಕನ್ನಡದಾಗೂ ಲಿಂಗ ಇಲ್ಲ, ವಚನ ಇಲ್ಲ. ಇಲ್ಲ ಅನ್ನೋದು ಸಲೀಸು. ಹೌದು ಅನ್ನೋವಾಗ ಎಲ್ಲಾ ಹೇಳಬೇಕಾಗ್ತದ."

ಕೆಳಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು.

"ಗಂಡಸಾಗಿದ್ರ ಬಂದಿದ್ದ ಅಂತ ಅಂದು ಮುಗಿಸ್ತಿದ್ದಿ," ಎಂದರು ರಾಯರು. "ಪೊಲೀಸರೂ ಅದನ್ನೇ ನಂಬ್ಯಾರ. ಅದನ್ನ ಅನ್ನಲಿಕ್ಕೆ ನಿನ್ನ ನಾಲಿಗಿ ಒಪ್ಪಲಿಲ್ಲ. ಸುಳ್ಳಿಗೆ ಅಂಜೋ ಮನೆತನ ನಿಮ್ಮದು. ಸುಳ್ಳೂ ಬ್ಯಾಡ, ಖರೇನೂ ಬ್ಯಾಡ ಅಂತ ನಡುವ ದಾರಿ ಹುಡುಕಿದಿ. ಹೆಣ್ಣುಮಗಳು ಬಂದಿದ್ಲು, ಹೌದಿಲ್ಲೋ?"

ವೇದಾಂತ್ ನೆಲ ನೋಡುತ್ತಿದ್ದ.

"ಮರಿಸ್ವಾಮಿ, ದೊಡ್ಡಬಸಪ್ಪಗ ಹೆಣ್ಣುಮಕ್ಕಳು?"

"ಒಬ್ಬಾಕಿ ಅದಾಳ್ರಿ ಸರ, ಗಂಗೋತ್ರಿ ಅಂತ. ಕಂಪ್ಲಿ ಹುಡುಗನ್ನ ತಾನಾಗೇ ಮದಿವಿ ಆದ್ಲು. ಅಪ್ಪ ಮಾರಿ ನೋಡಂಗಿಲ್ಲ ಅಂದಿದ್ದ. ಹೆಣ ಕೊಡೋವಾಗ ಬಂದು ಭಾಳ ಅತ್ಲು. ಇಲ್ಲೇ ಹೊಸಪೇಟಿ ಕಾಲೇಜ್‌ನ್ಯಾಗ ಓದಿದಾಕಿ."

"ನೀನೆಲ್ಲಿ ಓದಿದ್ಯೋ ವೇದಾಂತ್?"

"ಅದೇ ಕಾಲೇಜು, ಸರ್," ಎಂದ ಹುಡುಗ. ಆಗ ತಾಯಕ್ಕ ತೆವಳಿಕೊಂಡು ಬಂದು ಅವನ ಮೊಣಕಾಲು ಹಿಡಿದಳು.

"ತಮ್ಮಾ, ನನ್ನ ಹೊನ್ನೂರ ಕಾರಿನ್ಯಾಗ ಮಲಗಿದ್ನಂತ. ಯಜಮಾನ ಕರದಾಗ ಓಡಿ ಬಂದವ ಅವನೇ, ಎತ್ಕೊಂಡು ದವಾಖಾನಿಗೆ ಹೋದವ ಅವನೇ. ಈಗ ವಿಷ ಹಾಕಿದವನೂ ಅವನೇ ಅಂತಾರ. ನಿನಗೂ ಒಬ್ಬಾಕಿ ತಾಯಿ ಅದಾಳಲ್ಲ."

"ಕಾಲು ಬಿಡಮ್ಮಾ, ಬಿಡು!" ವೇದಾಂತ್ ಎದ್ದೇ ಬಿಟ್ಟ. "ಅಕಿ ಏನೂ ಮಾಡಿಲ್ಲ ಸರ್! ಗಂಗೋತ್ರಿ ಬಂದ್ಲು, ಅಪ್ಪನ ಕಾಲಿಗೆ ಬಿದ್ಲು, ಅವರು ಹೊರಗ ಹೋಗು ಅಂದ್ರು, ಅಳ್ಕೋತ ಹೋದ್ಲು. ಅಷ್ಟೇ. ಬಸಿರು ಹೆಣ್ಣು. ಹೆಸರು ಹೇಳಿದ್ರ ಅಕಿನ್ನ ಹಿಡೀತಾರ ಅಂತ..."

"ಅಂತ ನನ್ನ ಮಗನ್ನ ಕೊಟ್ಟಿ," ಎಂದಳು ತಾಯಕ್ಕ. ಅವಳ ದನಿಯಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು.

ರಾಯರು ಕೈ ಎತ್ತಿ ಅವಳನ್ನು ಸುಮ್ಮನಾಗಿಸಿದರು. ಈಗ ಅವಸರ ಮಾಡಿದರೆ ಹುಡುಗ ಬಾಯಿ ಮುಚ್ಚುತ್ತಾನೆ. ಸುಮ್ಮನೆ ಮಾತಿಗೆ ಮಾತು ಎನ್ನುವಂತೆ ಕೇಳಿದರು.

"ಫ್ಲಾಸ್ಕ್ ಚೀಲದಾಗ ತಂದಿದ್ಲೋ, ಕೈಯಾಗೋ?"

"ಅಕಿ ಏನೂ ತಂದಿರಲಿಲ್ಲ ಸರ್. ಬರಿಗೈ."

"ಮ್ಯಾಲ ಹತ್ತೋವಾಗ ಚಪ್ಪಲಿ ಬಿಟ್ಟಿದ್ಲೇನು? ಅಳೋವಾಗ ಮರತಿರಬೇಕು. ಈ ಹಾಸುಗಲ್ಲಿನ ಮ್ಯಾಲ ಕೆಸರು ಕೆರೆದ ಗುರುತು ಅದ, ನೋಡು."

"ಅದು ಅಕೀದಲ್ಲ. ಅಕಿ ಬಿಟ್ಟೇ ಹತ್ತಿದ್ಲು. ಬೂಟು ಹಾಕ್ಕೊಂಡೇ ಹತ್ತಿದ್ರಲ್ಲ, ಆ ಕೆಸರು ನಾನೇ ಕೆರೆದು..."

ವೇದಾಂತ್ ಮಾತು ನಿಲ್ಲಿಸಿಬಿಟ್ಟ. ಬಾಯಿ ಅರ್ಧ ತೆರೆದೇ ಇತ್ತು.

ಹತ್ತಿದ್ಲು ಒಂದು. ಹತ್ತಿದ್ರು ಒಂದು. ಸಮ್‌ಬಡಿ ಇಬ್ಬರು. ವ್ಯಾಕರಣ ಸುಳ್ಳು ಹೇಳಿರಲಿಲ್ಲ.

"ಗಂಗೋತ್ರಿಗೆ ಹತ್ತಿದ್ಲು ಅಂದಿ. ಇವರಿಗೆ ಹತ್ತಿದ್ರು. ಇವರು ಯಾರಪಾ?"

"ಯಾರೋ ಬೇರೆಯವರು ಬಂದಿದ್ರು!" ತಾಯಕ್ಕ ಎದ್ದು ನಿಂತಿದ್ದಳು. ಕಣ್ಣೀರು ಕೆನ್ನೆಯ ಮೇಲೆಯೇ ಇತ್ತು, ಮುಖ ಮಾತ್ರ ಅರಳಿತ್ತು. "ಬೂಟಿನವ್ರು! ನನ್ನ ಹೊನ್ನೂರಗ ಬೂಟೇ ಇಲ್ರೀ ಸಾಮಿ, ಹುಟ್ಟಿದಾಗಿಂದ ಹವಾಯಿ ಚಪ್ಲಿ! ತಡೀರಿ, ವಕೀಲಪ್ಪಗ ಫೋನ್ ಹಚ್ತೀನಿ. ನನ್ನ ಫೋನಿಗೆ ಇಲ್ಲಿ ಸಿಗ್ನಲ್ಲಿಲ್ಲ."

"ತಾಯಕ್ಕ, ಇನ್ನೂ ತಡಿ..."

ಅವಳು ಆಗಲೇ ಮೆಟ್ಟಿಲಿಳಿದು ಗೇಟಿನತ್ತ ಓಡುತ್ತಿದ್ದಳು.

ರಾಯರು ವೇದಾಂತ್ ಕಡೆ ತಿರುಗಿದರು. ಹುಡುಗನ ಕಣ್ಣು ಅವರ ಮೇಲಿರಲಿಲ್ಲ. ಮರಿಸ್ವಾಮಿಯ ಖಾಕಿ ಅಂಗಿಯ ಮೇಲಿತ್ತು. ಮರಿಸ್ವಾಮಿಯ ಮುಖದ ಮೇಲಲ್ಲ, ಅಂಗಿಯ ಮೇಲೆ.

"ಯಾರಪಾ?"

"ಸಮ್‌ಬಡಿ, ಸರ್," ಎಂದ ವೇದಾಂತ್. ಮತ್ತೆ ಇಂಗ್ಲಿಷಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ.

ರಾಯರು ತೋರುಬೆರಳಿನಿಂದ ಜನಿವಾರವನ್ನು ಹಿಡಿದು ಬಿಟ್ಟರು. ಆಮೇಲೆ, ಉತ್ತರ ಬೇಡವೆನ್ನುವ ಹಾಗೆ ಮೆಲ್ಲಗೆ ಕೇಳಿದರು.

"ಮರಿಸ್ವಾಮಿ, ಸಮ್‌ಬಡಿ ಕೇಮ್ ಅನ್ನೋದಕ್ಕ ನೀನು ಯಾರೋ ಒಬ್ಬ ಬಂದ ಅಂತ ಯಾಕ ಬರದಿ? ಗಂಡಸಂತ ನಿನಗ ಯಾರು ಹೇಳಿದ್ರು?"

"ನಾನೆಲ್ಲಿ ಬರದೆ ರೀ ಸರ!" ಮರಿಸ್ವಾಮಿಗೆ ಅಭಿಮಾನಕ್ಕೆ ಪೆಟ್ಟಾದಂತಿತ್ತು. "ಅಷ್ಟೂ ಬರಂಗಿಲ್ಲೇನ್ರಿ ನನಗ? ಗುರುತಿಲ್ದವ್ರಿಗೆ ಬಹುವಚನ ಹಾಕ್ಬೇಕು ಅಂತ ನೀವೇ ಕಲಿಸಿದ್ದು. ನಾ ಯಾರೋ ಬಂದಿದ್ರು ಅಂತನ ಬರದಿದ್ದೆ. ಆಮ್ಯಾಲೆ ಅದನ್ನ..."

ಅವನು ತಡೆದ. ಕಾಲುಚೀಲದ ತನ್ನ ಪಾದಗಳನ್ನು ನೋಡಿಕೊಂಡ. ಮೆಟ್ಟಿಲ ಕಡೆ ನೋಡಿದ. ಅವನ ಹುಬ್ಬು ನಿಧಾನವಾಗಿ ಗಂಟಿಕ್ಕಿತು.

"ಆಮ್ಯಾಲೆ?"

"ಆಮ್ಯಾಲೆ ಮೇಡಂ ತಿದ್ದಿದ್ರು ರೀ."

ತಿದ್ದಿದ್ರು. ಹತ್ತಿದ್ರು.

ರಾಯರು ಕಣ್ಣು ಮುಚ್ಚಿದರು. ಅಂಗಳದಲ್ಲಿ ನೀರು ಕುಡಿಯದೆ ನಿಂತ ಹುಡುಗಿ ಕಂಡಳು. ಇಲ್ಲ, ಇದಕ್ಕೆ ಬೇರೆ ಕಾರಣ ಇರಬೇಕು, ಬೇರೆ ಬೂಟು ಇರಬೇಕು. ಪ್ರಾಣದೇವರ ಹೆಸರು ಹೇಳಿಕೊಂಡರು. ಹೆಸರು ಬಾಯಿಗೆ ಬಂತು; ಸಮಾಧಾನ ಬರಲಿಲ್ಲ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದರೆ ಭುವನೇಶ್ವರಿಯ ಹೆಸರು.

ವೇದಾಂತ್ ಆ ಹೆಸರನ್ನು ಓದಿದ. ಒಂದು ಹೆಜ್ಜೆ ಹಿಂದೆ ಸರಿದು ಸೀಲು ಹಾಕಿದ ಬಾಗಿಲಿಗೆ ಬೆನ್ನು ತಾಗಿಸಿ ನಿಂತ.

"ಹೇಳಮ್ಮಾ."

"ಸರ ನಮಸ್ಕಾರ್ರಿ. ಕಡ್ಡಿರಾಂಪುರಕ್ಕ ಹೋಗೀರಂತಲ್ಲ. ಈ ಬಿಸಿಲಾಗ, ಈ ವಯಸ್ಸಿನ್ಯಾಗ." ದನಿ ಎಂದಿನಂತೆಯೇ ಮೃದುವಾಗಿತ್ತು. ಆಮೇಲೆ, ಚಿಕ್ಕಂದಿನಲ್ಲಿ ಮಾಸ್ತರರನ್ನು ಮೆಚ್ಚಿಸಲು ಮಾತಾಡುತ್ತಿದ್ದ ಆ ಇಂಗ್ಲಿಷಿನಲ್ಲಿ ಕೇಳಿದಳು: "ಸರ್, ಡಿಡ್ ಸಮ್‌ಬಡಿ ಟೆಲ್ ಯು ಸಮ್‌ಥಿಂಗ್?"

ಎನಿಬಡಿ ಅಲ್ಲ. ಎನಿಥಿಂಗ್ ಅಲ್ಲ.

ಈ ಹುಡುಗಿ ಅದರಲ್ಲಿ ಎಂದೂ ತಪ್ಪಿದವಳಲ್ಲ.

ರಾಯರ ಎದುರಿಗೆ ವೇದಾಂತ್ ಎರಡೂ ಕೈ ಜೋಡಿಸಿ, ಬೇಡವೆಂದು ತಲೆಯಾಡಿಸುತ್ತಿದ್ದ. ಸುಳ್ಳಾಡದೆ ಎಪ್ಪತ್ತು ದಾಟಿದ ಬಾಯಿ ರಾಯರದು. ಆ ಬಾಯಿಂದಲೇ ಅವರು ವ್ಯಾಕರಣ ತಪ್ಪದೆ ಉತ್ತರ ಕೊಟ್ಟರು.

"ನೋ. ನೋಬಡಿ ಟೋಲ್ಡ್ ಮಿ ಎನಿಥಿಂಗ್."

ಫೋನಿನ ಆ ಕಡೆ ಗಾಡಿ ನಿಂತ ಸದ್ದು ಕೇಳಿತು. ಅದೇ ಸದ್ದು ಕೆಳಗೆ ಗೇಟಿನ ಬಳಿಯೂ ಕೇಳಿತು. ಹಿಂದೆಯೇ ತಾಯಕ್ಕನ ದನಿ, ಸಂತೋಷ ತಡೆಯಲಾರದ ದನಿ, ಫೋನಿನಲ್ಲೂ ಗೇಟಿನಲ್ಲೂ ಒಟ್ಟಿಗೇ ಬಂತು.

"ಮೇಡಮ್ಮಾರೇ! ದೇವರು ಬಂದಂಗ ಬಂದ್ರಿ! ನನ್ನ ಮಗ ಅಲ್ರೀ! ಯಾರೋ ಬೂಟು ಹಾಕ್ಕೊಂಡು ಹತ್ತಿದ್ರಂತ, ಆ ಹುಡುಗ ಈಗ ಹೇಳಿದ!"

ಫೋನು ಕಟ್ಟಾಯಿತು.

ಮೊದಲು ಗೇಟಿನ ಕೀಲು ಕಿರುಗುಟ್ಟಿತು. ಆಮೇಲೆ ಅಂಗಳದ ಜಲ್ಲಿಯ ಮೇಲೆ ಹೆಜ್ಜೆಗಳು, ಅವಸರವಿಲ್ಲದ ಹೆಜ್ಜೆಗಳು. ಮರಿಸ್ವಾಮಿ ಅಭ್ಯಾಸಬಲದಿಂದ ನೆಟ್ಟಗೆ ನಿಂತು, ಕೈ ಹಣೆಗೆ ಹೋಗುವ ಮೊದಲೇ ತಡೆದ. ಪಾದರಕ್ಷೆ ಬಿಡುವ ಬೋರ್ಡಿನ ಹತ್ತಿರ ಹೆಜ್ಜೆ ತಡವರಿಸೀತೇನೋ ಎಂದು ರಾಯರು ಉಸಿರು ಹಿಡಿದು ಕಾದರು.

ಬೂಟಿನ ಸಪ್ಪಳ ಅಲ್ಲಿ ನಿಲ್ಲಲಿಲ್ಲ. ಮೆಟ್ಟಿಲು ಹತ್ತತೊಡಗಿತು.